ಟಿಪ್ಪಣಿಯೊಳಗೆ ಬಚ್ಚಿಟ್ಟ ಕುಚ್ಚುಗಳು

ಸೀರೆಯ ಸೆರಗಿಗೆ ಕುಚ್ಚು ಕಟ್ಟುವವರಿಗೆ ಒಂದು ವೆಬ್‌ಸೈಟು ಮಾಡಿಕೊಡಬೇಕು ಎಂದು ನಮ್ಮ ಆಫೀಸಿನ ಯಜಮಾನರು ಹೇಳಿದಾಗ ನನಗೆ ನಗು ಬಂದಿತ್ತು. ಕುಚ್ಚಿನಲ್ಲಿ ನೋಡುವುದೇನಿದೆ, ದಾರ, ಗಂಟು, ಮೇಲೊಂದು ಮಣಿ, ಅಷ್ಟೇ ತಾನೆ ಎಂದುಕೊಂಡಿದ್ದೆ. ಬಸವನಗುಡಿಯ ಆ ಮನೆಗೆ ಹೋಗಿ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಏಳೆಂಟು ಹೆಂಗಸರು ಕೂತಿದ್ದರು, ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ರೇಷ್ಮೆ ಸೀರೆ. ಒಂದರ ಅಂಚಿನಲ್ಲಿ ಮಲ್ಲಿಗೆ ಮೊಗ್ಗು ತೂಗುತ್ತಿತ್ತು, ಇನ್ನೊಂದರಲ್ಲಿ ಗೆಜ್ಜೆ, ಮತ್ತೊಂದರಲ್ಲಿ ಪುಟ್ಟ ಛತ್ರಿಗಳು. ಎಲ್ಲವೂ ದಾರದ್ದೇ. ನನಗೆ ಗುಂಡಿ ಹೊಲಿಯಲೂ ಬರುವುದಿಲ್ಲ, ಆದ್ದರಿಂದ ಬೇಗ ಗೌರವ ಬಂತು.

ಮನೆಯೊಡತಿಯನ್ನು ನಾವು ಕುಚ್ಚು ಆಂಟಿ ಎನ್ನುತ್ತಿದ್ದೆವು, ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವರ ಕಷ್ಟವನ್ನು ಅವರು ನನಗೆ ಕಾಫಿ ಆರುವ ಮೊದಲೇ ಹೇಳಿ ಮುಗಿಸಿದರು. ಮದುವೆಗಳಿದ್ದರೆ ಸೀರೆ, ಸೀರೆಯಿದ್ದರೆ ಕುಚ್ಚು. ಆಷಾಢ ಬಂತೆಂದರೆ ಚಾಪೆ ಸುತ್ತಿಡುವುದೇ. ಗುಂಪಿನಲ್ಲಿ ಎಲ್ಲರಿಗೂ ಹಿರಿಯರು, ಎಲ್ಲರಿಗೂ ಕೆಲಸ ಕಲಿಸಿದವರು ಗಂಟಿನಕ್ಕ. ಅವರು ಹಾಕಿದ ಗಂಟು ಸೀರೆ ಹರಿದರೂ ಬಿಚ್ಚಿಕೊಳ್ಳುವುದಿಲ್ಲ ಎಂದು ಪ್ರತೀತಿ. ಆ ವರ್ಷದ ಆಷಾಢ ಅವರನ್ನೂ ಸಾಕು ಮಾಡಿತ್ತು. ಮೈಸೂರು ರಸ್ತೆಯ ಕಡೆ ಯಾರೋ ಹೊಸದಾಗಿ ಹೊಲಿಗೆ ಘಟಕ ತೆರೆಯುವವರಿದ್ದರು, ವಿಜಯದಶಮಿಯ ಬೆಳಿಗ್ಗೆ ಅದರ ಪ್ರಾರಂಭ, ಗಂಟಿನಕ್ಕ ಅಲ್ಲಿ ಕೆಲಸಕ್ಕೆ ಸೇರುತ್ತೇನೆಂದು ಮಾತು ಕೊಟ್ಟಿದ್ದರು.

"ಅವ್ರು ಹೋದ್ರೆ ಮಿಕ್ಕೋರೂ ಒಬ್ಬೊಬ್ರೇ ಎದ್ದು ಹೋಗ್ತಾರೆ ಕಣೇ," ಅಂದರು ಆಂಟಿ. "ತಡೆಯೋಕೆ ನನಗೇನು ಬಾಯಿದೆ ಹೇಳು. ವರ್ಷ ಪೂರ್ತಿ ಕೆಲಸ ಕೊಡ್ತೀನಿ ಅಂದ್ರೆ ತಾನೆ ಇರಿ ಅನ್ನಬಹುದು."

ಅಂಥ ಕೆಲಸ ಸಿಗುವ ಆಸೆಯೊಂದು ಹುಟ್ಟಿತ್ತು. ಮುಂಬಯಿಯ ದೊಡ್ಡ ಸೀರೆ ಅಂಗಡಿಯ ಸೇಠರೊಬ್ಬರು ಯಾವುದೋ ಮದುವೆಗೆ ಬಂದವರು ಆಂಟಿಯ ಕುಚ್ಚು ನೋಡಿ ಮೆಚ್ಚಿ ಹೋಗಿದ್ದರು. ತಮ್ಮ ಅಂಗಡಿಯ ಸೀರೆಗಳಿಗೆಲ್ಲ ಇವರಿಂದಲೇ ಕುಚ್ಚು ಕಟ್ಟಿಸುವ ಮನಸ್ಸು ಅವರದು, ಆದರೆ ಪಾಲುದಾರರೂ ಒಪ್ಪಬೇಕು. ನಮೂನೆಗಳನ್ನೆಲ್ಲ ಒಟ್ಟಿಗೆ ತೋರಿಸಿ ಎಂದಿದ್ದರು. ಕಳಿಸೋಣವೆಂದರೆ ಒಂದೊಂದು ನಮೂನೆಯೂ ಯಾರದೋ ಮನೆಯ ಸೀರೆಗೆ ಅಂಟಿಕೊಂಡಿದ್ದು, ಕತ್ತರಿಸಿ ಕವರಿಗೆ ಹಾಕಲು ಬರುತ್ತದೆಯೇ. ಹಾಗಾಗಿ ಫೋಟೋ, ಹಾಗಾಗಿ ವೆಬ್‌ಸೈಟು. ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು, ಎಲ್ಲ ಕಾಯಿಲೆಗೂ ವೆಬ್‌ಸೈಟೇ ಮದ್ದು ಎಂದು ಜನ ನಂಬಿದ್ದ ಕಾಲ ಅದು.

ನಮ್ಮ ಆಫೀಸು ಚಾಮರಾಜಪೇಟೆಯಲ್ಲಿ, ಯಜಮಾನರ ಮನೆಯ ಮಹಡಿಯ ಮೇಲೆ. ಅವರದು ಕಾಟನ್‌ಪೇಟೆಯಲ್ಲಿ ದಾರದ ಸಗಟು ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಆಂಟಿ ಅವರ ಅಂಗಡಿಯ ಹಳೆಯ ಗಿರಾಕಿ. ಅಂಗಡಿಯನ್ನು ಅಣ್ಣನಿಗೆ ಬಿಟ್ಟು ಯಜಮಾನರು ಕಂಪ್ಯೂಟರಿಗೆ ಬಂದಿದ್ದರೂ ದಾರದಂಗಡಿಯ ಶಿಸ್ತು ಬಿಟ್ಟಿರಲಿಲ್ಲ. ಎಲ್ಲವೂ ಸುತ್ತಿಟ್ಟ ಉಂಡೆಯಂತೆ ಇರಬೇಕು, ಒಂದು ಎಳೆಯೂ ಹೊರಗೆ ಬಂದಿರಬಾರದು. ಅದು ಒಳ್ಳೆಯ ಗುಣವೇ. ಆ ಗುಣದಿಂದ ನನಗೆ ಏನಾಯಿತು ಎನ್ನುವುದು ಮುಂದೆ ಬರುತ್ತದೆ.

ನಲವತ್ತಕ್ಕೂ ಮೇಲ್ಪಟ್ಟ ಕುಚ್ಚುಗಳ ಪುಟ್ಟ ಪುಟ್ಟ ಫೋಟೋ, ಒಂದು ಪುಟ, ಪ್ರತಿ ಚಿತ್ರದ ಕೆಳಗೆ ಒಂದು ನಂಬರು. ಮಾಡಿ ಮುಗಿಸಿ ಆಂಟಿಯ ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರಗಳು ಒಗ್ಗರಣೆಯ ಸಾಸಿವೆಯ ಹಾಗೆ ಅಲ್ಲೊಂದು ಇಲ್ಲೊಂದು ಸಿಡಿಯುತ್ತಾ ಬಂದವು. ಅಲ್ಲಿದ್ದ ಬ್ರೌಸರ್ ಆರನೇ ನಂಬರಿನ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್. ನಾನು ಅದನ್ನು ತಾತ ಎಂದು ಕರೆಯುತ್ತಿದ್ದೆ. ತಾತ ಒಂದು ಸಲಕ್ಕೆ ಎರಡೇ ಚಿತ್ರ ತರುತ್ತಿದ್ದ. ಪ್ರತಿ ಚಿತ್ರಕ್ಕೂ ವೆಬ್‌ಸೈಟು ಇಟ್ಟಿರುವ ದೂರದ ಸರ್ವರಿಗೆ ಹೋಗಿ, ನಮಸ್ಕಾರ ಹೇಳಿ, ಕೇಳಿ, ಪಡೆದು, ಮತ್ತೆ ಬರಬೇಕು. ಬೆರಳುಗುರಿನಷ್ಟು ಚಿತ್ರಕ್ಕೆ ಇಷ್ಟೆಲ್ಲ ಉಪಚಾರ, ಮಂತ್ರಕ್ಕಿಂತ ಉಗುಳೇ ಜಾಸ್ತಿ. ಮುಂಬಯಿಯ ಸೇಠರ ಆಫೀಸಿನಲ್ಲೂ ಇದೇ ತಾತ ಎಂದು ಫೋನಿನಲ್ಲಿ ಕೇಳಿ ತಿಳಿದುಕೊಂಡೆ. ಬೇರೆ ಬ್ರೌಸರ್ ಹಾಕಿಕೊಳ್ಳಲು ಅಲ್ಲಿ ಅಪ್ಪಣೆಯಿರಲಿಲ್ಲ. ಅರ್ಧ ಬಂದ ಪುಟ ನೋಡಿ ಪಾಲುದಾರರು ಎದ್ದು ಹೋದರೆ ಮುಗಿಯಿತು.

ಎಲ್ಲ ಚಿತ್ರಗಳನ್ನು ಒಂದೇ ದೊಡ್ಡ ಚಿತ್ರವಾಗಿ ಅಂಟಿಸಿ ಬೇಕಾದ ತುಂಡನ್ನು ಮಾತ್ರ ತೋರಿಸುವ ಉಪಾಯ ಆಗ ಎಲ್ಲರಿಗೂ ಗೊತ್ತಿತ್ತು. ಆದರೆ ಆಂಟಿ ವಾರಕ್ಕೊಂದು ಹೊಸ ನಮೂನೆ ತರುತ್ತಿದ್ದರು, ಪ್ರತಿ ಸಲವೂ ಅಂಟಿಸುವುದು, ಅಳೆಯುವುದು ನನ್ನ ಕೈಲಾಗದ ಮಾತು. ನಾನು ಹಿಡಿದದ್ದು ಬೇರೆ ದಾರಿ. ಚಿತ್ರವನ್ನೇ ಅಕ್ಷರಗಳಾಗಿ ಬದಲಾಯಿಸಿ ಸ್ಟೈಲ್‌ಶೀಟಿನೊಳಗೆ ಬರೆದುಬಿಡುವುದು. ಸ್ಟೈಲ್‌ಶೀಟ್ ಎಂದರೆ ಪುಟದ ಬಣ್ಣ, ಅಕ್ಷರ, ಅಂತರ ಎಲ್ಲ ಹೇಗಿರಬೇಕೆಂದು ಬ್ರೌಸರಿಗೆ ಹೇಳುವ ಕಡತ. ಅದು ಹೇಗೂ ಒಂದು ಸಲ ಬರಲೇಬೇಕು, ಬರುವಾಗ ಚಿತ್ರಗಳನ್ನೂ ಮಡಿಲಲ್ಲಿ ಕಟ್ಟಿಕೊಂಡು ಬರಲಿ ಎಂಬುದು ಲೆಕ್ಕಾಚಾರ. ಚಿತ್ರ ಅಕ್ಷರವಾದಾಗ ಮೂರನೇ ಒಂದು ಭಾಗದಷ್ಟು ಹೆಚ್ಚು ದಪ್ಪಗಾಗುತ್ತದೆ, ಆದರೆ ಓಡಾಟ ಉಳಿಯುತ್ತದೆ.

ಹೊಸ ಬ್ರೌಸರುಗಳು ಇದನ್ನು ಒಪ್ಪಿಕೊಂಡವು. ತಾತ ಒಪ್ಪಲಿಲ್ಲ. ಅವನಿಗೆ ಈ ಭಾಷೆಯೇ ಬರುತ್ತಿರಲಿಲ್ಲ. ಹುಡುಕಿ ಹುಡುಕಿ, ಯಾವುದೋ ದೇಶದ ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದ ಒಂದು ಕಳ್ಳದಾರಿ ಸಿಕ್ಕಿತು. ತಾತನಿಗೆ ಇಮೇಲಿಗೆ ಅಂಟಿಸಿದ ಚಿತ್ರಗಳನ್ನು ಬಿಡಿಸಿ ನೋಡುವ ಹಳೆಯ ವಿದ್ಯೆ ಗೊತ್ತಿತ್ತು. ಹಾಗಾದರೆ ಸ್ಟೈಲ್‌ಶೀಟನ್ನೇ ಒಂದು ಇಮೇಲಿನಂತೆ ವೇಷ ಹಾಕಿಸಿ ಕೊಡುವುದು. ಕಡತದ ತಲೆಯಲ್ಲಿ ಒಂದು ಕಾಮೆಂಟ್, ಎಂದರೆ ಬ್ರೌಸರ್ ಓದದೆ ದಾಟಿಹೋಗುವ, ಕೆಲಸ ಮಾಡುವವರು ತಮಗಾಗಿ ಬರೆದುಕೊಳ್ಳುವ ಟಿಪ್ಪಣಿ. ಅದರೊಳಗೆ ಗಡಿಗೆರೆ ಹಾಕಿ, ಚಿತ್ರದ ಹೆಸರು ಬರೆದು, ಒಂದು ಸಾಲು ಖಾಲಿ ಬಿಟ್ಟು, ಅಕ್ಷರಗಳನ್ನು ಸುರಿಯುವುದು. ಮತ್ತೆ ಗಡಿಗೆರೆ, ಮುಂದಿನ ಚಿತ್ರ. ಸ್ಟೈಲ್‌ಶೀಟ್ ಎಂದು ಓದುವಾಗ ತಾತ ಟಿಪ್ಪಣಿಯನ್ನು ದಾಟಿಹೋಗುತ್ತಿದ್ದ. ಚಿತ್ರ ಬೇಕಾದಾಗ ಅದೇ ಕಡತವನ್ನು ಇಮೇಲ್ ಎಂದು ಓದಿ ಟಿಪ್ಪಣಿಯೊಳಗಿನಿಂದ ಚಿತ್ರ ತೆಗೆಯುತ್ತಿದ್ದ. ಇದನ್ನು ಓದಿದ ದಿನ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ತಿರುಗಿ ಕೂತೆ. ಅಷ್ಟು ಖುಷಿಯಾಗಿತ್ತು.

ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲ ಪ್ರಯತ್ನದಲ್ಲಿ ಒಂದು ಚಿತ್ರವೂ ಬರಲಿಲ್ಲ. ಆ ಖಾಲಿ ಸಾಲನ್ನು ನಾನು ಅಲಂಕಾರ ಎಂದುಕೊಂಡು ಕೈಬಿಟ್ಟಿದ್ದೆ, ಅದಿಲ್ಲದೆ ತಾತ ಚಿತ್ರದ ಅಕ್ಷರಗಳನ್ನೂ ಹೆಸರಿನ ಭಾಗವೆಂದೇ ತಿಳಿಯುತ್ತಿದ್ದ. ಅದನ್ನು ಸರಿಪಡಿಸಿದ ಮೇಲೆ ಆಫೀಸಿನಲ್ಲಿ ಎಲ್ಲ ಚಿತ್ರಗಳೂ ಬಂದವು, ಆಂಟಿಯ ಮನೆಯಲ್ಲಿ ಮತ್ತೆ ಒಂದೂ ಇಲ್ಲ. ಚಿತ್ರ ಎಲ್ಲಿದೆಯೆಂದು ತಾತನಿಗೆ ಪೂರ್ತಿ ವಿಳಾಸ ಕೊಡಬೇಕು, ಅರ್ಧಂಬರ್ಧ ನಡೆಯುವುದಿಲ್ಲ. ನಾನು ಕೊಟ್ಟಿದ್ದು ನಮ್ಮ ಮಹಡಿಯ ಮೇಲಿನ ಪರೀಕ್ಷೆಯ ಕಂಪ್ಯೂಟರಿನ ವಿಳಾಸ. ಪಾಪ, ಬಸವನಗುಡಿಯಲ್ಲಿ ಕೂತು ಅವನು ಚಾಮರಾಜಪೇಟೆಯ ಮಹಡಿ ಹತ್ತುವುದು ಹೇಗೆ. ಅದನ್ನೂ ತಿದ್ದಿದೆ. ಕೊನೆಗೆ ಎರಡು ಕಡತಗಳಾದವು, ಒಂದು ಹೊಸ ಬ್ರೌಸರುಗಳಿಗೆ, ಒಂದು ತಾತನಿಗೆ. ಆಂಟಿಯ ಮನೆಯಲ್ಲಿ ಪುಟ ತೆರೆದಾಗ ಕುಚ್ಚುಗಳೆಲ್ಲ ಒಟ್ಟಿಗೆ ಬಂದು ನಿಂತವು. ಹೆಂಗಸರು ಸೂಜಿ ಕೆಳಗಿಟ್ಟು ಬಂದು ನೋಡಿದರು. ಗಂಟಿನಕ್ಕ ಮಾತ್ರ ಹಿಂದೆ ನಿಂತು, "ಚೆನ್ನಾಗಿದೆ. ಮುಂಬಯಿಯೋರು ನೋಡ್ಬೇಕಲ್ಲ," ಅಂದರು.

ಮುಂಬಯಿಯವರು ನೋಡುವ ದಿನವೂ ಗೊತ್ತಾಯಿತು. ನಮ್ಮ ಆಯುಧಪೂಜೆಯ ದಿನ, ಮಧ್ಯಾಹ್ನ ಮೂರಕ್ಕೆ ಪಾಲುದಾರರ ಸಭೆ. ನಮಗೆ ಹಬ್ಬ, ಅವರಿಗೆ ಕೆಲಸ.

ಯಜಮಾನರ ತಾಯಿಯನ್ನು ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಆಯುಧಪೂಜೆ ಅವರ ಆಡಳಿತ. ಹಿಂದಿನ ದಿನ ಆಫೀಸೆಲ್ಲ ಗುಡಿಸಿ ಒರೆಸಬೇಕು, ಕೆಲಸಕ್ಕೆ ಬಾರದ್ದನ್ನು ಪೂಜೆಗೆ ಇಡುವ ಹಾಗಿಲ್ಲ. ಬೆಳಿಗ್ಗೆ ಅಂಗಡಿಯ ತಕ್ಕಡಿ, ಗಜಕಡ್ಡಿಗಳ ಪಕ್ಕದಲ್ಲಿ ನಮ್ಮ ಕಂಪ್ಯೂಟರುಗಳಿಗೂ ವಿಭೂತಿ, ಹೂವು, ಆರತಿ. ಆಮೇಲೆ ಕರೆಂಟು ಆಫ್. ಮರುದಿನ ಬೆಳಿಗ್ಗೆ ಮತ್ತೆ ಪೂಜೆಯಾಗುವ ತನಕ ಯಾರೂ ಮುಟ್ಟಬಾರದು, ಆಯುಧ ವಿಶ್ರಾಂತಿಯಲ್ಲಿರುತ್ತದೆ.

ಆ ಬೆಳಿಗ್ಗೆ ಆರತಿ ಮುಗಿದು ನಾವು ಕಡಲೆಪುರಿ ಮೆಲ್ಲುತ್ತಿದ್ದಾಗ ಯಜಮಾನರು ತುಂಬ ಗೆಲುವಾಗಿ ನನ್ನ ಕಡೆ ತಿರುಗಿದರು.

"ಈ ಸಲ ಬರೀ ಧೂಳು ಹೊಡೆದಿಲ್ಲ ಕಣಮ್ಮ. ನಿನ್ನೆ ಸಂಜೆ ಕೂತ್ಕೊಂಡು ಫೈಲುಗಳನ್ನೂ ಕ್ಲೀನ್ ಮಾಡಿದೀನಿ. ಸರ್ವರಲ್ಲೂ ಹಾಕ್ಬಿಟ್ಟೆ. ಕುಚ್ಚು ಸೈಟಿಂದು ಒಂದು ಫೈಲಂತೂ ಪೂರ್ತಿ ಇಳಿದುಹೋಯ್ತು ನೋಡು."

ನಾನು ಕಡಲೆಪುರಿಯ ತಟ್ಟೆ ಕೆಳಗಿಟ್ಟೆ. "ಸರ್, ಯಾವ ಫೈಲು? ಏನು ತೆಗೆದ್ರಿ?"

"ಮೇಲ್ಗಡೆ ಒಂದು ಕಾಮೆಂಟ್ ಇತ್ತಲ್ಲ, ಉದ್ದಕ್ಕೆ. ಅರ್ಥ ಇಲ್ಲ, ಗಿರ್ಥ ಇಲ್ಲ. ಯಾರೋ ಕೀಬೋರ್ಡ್ ಮೇಲೆ ತಲೆಯಿಟ್ಟು ಮಲಗಿದಾರೆ ಅಂದ್ಕೊಂಡೆ. ಹೆಂಗೂ ಕಾಮೆಂಟ್ ತಾನೆ, ಬ್ರೌಸರ್ ಓದಲ್ವಲ್ಲ. ತೆಗೆದ್ಮೇಲೆ ಫೈರ್‌ಫಾಕ್ಸಲ್ಲಿ ಚೆಕ್ ಮಾಡ್ದೆ, ಎಲ್ಲಾ ಚೆನ್ನಾಗೇ ಇದೆ."

ಫೈರ್‌ಫಾಕ್ಸಿನಲ್ಲಿ ಚೆನ್ನಾಗಿರದೆ ಏನು, ಅದು ಹೊಸ ಬ್ರೌಸರು, ಅದಕ್ಕೆ ಬೇರೆಯೇ ಕಡತ. ಈ ವಿದ್ಯೆಯನ್ನು ನಾನು ಅವರಿಗೆ ವಿವರಿಸಿದ್ದೆ, ಅವರು ಹೂಂ ಹೂಂ ಎಂದಿದ್ದರು. ಈಗ ಮತ್ತೆ ವಿವರಿಸಿದೆ, ಸ್ವಲ್ಪ ಜೋರಾಗಿಯೇ. ಅವರ ಮುಖ ಬಿಳಿಚಿಕೊಂಡಿತು. ಬಿಡಿ ಬಿಡಿ ಫೋಟೋಗಳಾದರೂ ಸರ್ವರಿನಲ್ಲಿ ಇವೆಯಲ್ಲ ಎಂದು ಕೇಳಿದರೆ, ಯಾವ ಪುಟವೂ ಬಳಸುತ್ತಿಲ್ಲವೆಂದು ಆ ಫೋಲ್ಡರನ್ನೂ ಗುಡಿಸಿ ಹಾಕಿದ್ದರು. ಅಷ್ಟರಲ್ಲಿ ಆಂಟಿಯ ಫೋನು ಬಂತು.

"ಏನೇ ಇದು, ಚಿತ್ರಗಳೇ ಇಲ್ವಲ್ಲೇ. ಬರೀ ನಂಬರು ಕಾಣ್ಸುತ್ತೆ. ನಮ್ಮನೇಲಿ ಸೂಜಿ, ಕತ್ತರಿ ಎಲ್ಲಾ ಪೂಜೆ ಆಯ್ತು, ಕಂಪ್ಯೂಟರ್ ಒಂದು ಬಾಕಿ ಇತ್ತು. ಕುಂಕುಮ ಇಡೋಕೆ ಮುಂಚೆ ಒಂದ್ಸಲ ನೋಡೋಣ ಅಂತ ತೆಗೆದೆ."

ನಾನು ಸೀದಾ ನನ್ನ ಕಂಪ್ಯೂಟರಿನ ಸ್ವಿಚ್ಚಿಗೆ ಕೈ ಹಾಕಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಆಗ ಇನ್ನೂ ಜಾಸ್ತಿ ಇತ್ತು. ಅಮ್ಮ ಅಡ್ಡ ಬಂದು ನಿಂತರು.

"ಬೇಡ ಮಗಾ. ಇವತ್ತು ಅದು ಮಲಗಿದೆ."

"ಅಮ್ಮಾ, ಅಲ್ಲಿ ಒಂದು ಮನೆಯೋರ ಕೆಲಸಾನೇ ಹೋಗುತ್ತೆ."

"ಅಯ್ಯೋ, ಹೋಗಬಾರದು. ಆದ್ರೆ ಇದನ್ನ ಮುಟ್ಟಬೇಡ. ಬೇರೆ ಎಲ್ಲಾದ್ರೂ ಮಾಡು."

ಯಜಮಾನರು ತಾಯಿಯನ್ನೂ ನನ್ನನ್ನೂ ನೋಡುತ್ತಾ ಅತ್ತ ದರಿ ಇತ್ತ ಪುಲಿ ಎಂದು ನಿಂತಿದ್ದರು. ಅಲ್ಲಿ ವಾದ ಮಾಡಿ ಗೆಲ್ಲಬಹುದಿತ್ತೋ ಏನೋ. ಆದರೆ ಅಮ್ಮನ ಮುಖ ನೋಡಿದರೆ ನನಗೆ ಮನಸ್ಸೇ ಬರಲಿಲ್ಲ, ಅಷ್ಟು ಆಸೆಯಿಂದ ಹೂವು ಮುಡಿಸಿದ್ದರು ಆ ದರಿದ್ರ ಮಾನಿಟರಿಗೆ. ಕೆಳಗಿಳಿದು ಮೂಲೆಯ ಸೈಬರ್ ಕೆಫೆಗೆ ಓಡಿದೆ. ಬಾಗಿಲಲ್ಲಿ ಬೂದುಗುಂಬಳ ಒಡೆದು ಕುಂಕುಮ ಚೆಲ್ಲಿತ್ತು. "ಮೇಡಂ, ಈಗಷ್ಟೇ ಪೂಜೆ ಆಗೋಯ್ತು," ಎಂದ ಅದರ ಮಾಲೀಕ, ಕೈಗೆ ಪ್ರಸಾದ ಕೊಟ್ಟ. ಊರಿನಲ್ಲಿರುವ ಕಂಪ್ಯೂಟರುಗಳೆಲ್ಲ ಹೂ ಮುಡಿದುಕೊಂಡು ಮಲಗಿದ್ದವು.

ಪ್ರಸಾದ ಬಾಯಿಗೆ ಹಾಕಿಕೊಳ್ಳುವಾಗ ಆಂಟಿಯ ಮಾತು ನೆನಪಾಯಿತು. ಅವರ ಕಂಪ್ಯೂಟರಿಗೆ ಪೂಜೆ ಇನ್ನೂ ಆಗಿಲ್ಲ. ಅಲ್ಲಿಂದಲೇ ಫೋನು ಮಾಡಿದೆ. "ಆಂಟಿ, ಕುಂಕುಮ ಇಡ್ಬೇಡಿ. ಹಂಗೇ ಬಿಡಿ. ಬಂದೆ."

ಆಫೀಸಿನ ಮುಂದೆ ನಿಂತಿದ್ದ ನನ್ನ ಸ್ಕೂಟರಿಗೂ ಅಮ್ಮ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಅವರ ಕಾಯಿದೆಯಲ್ಲಿ ವಾಹನಕ್ಕೆ ಮಾತ್ರ ವಿನಾಯಿತಿ, ಪೂಜೆಯಾದ ಮೇಲೆ ಓಡಿಸಲೇಬೇಕು. ನಿಂಬೆಹಣ್ಣು ಜಜ್ಜಿ ಹೊರಟೆ. ಬಾಳೆಕಂದು ಕಟ್ಟಿದ ಆಟೋಗಳ ನಡುವೆ ನುಗ್ಗಿಕೊಂಡು ಹೋಗುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ಕಂಪ್ಯೂಟರ್ ಏನೋ ಸಿಕ್ಕಿತು, ಚಿತ್ರಗಳನ್ನು ಎಲ್ಲಿಂದ ತರಲಿ? ನನ್ನ ಪ್ರತಿಗಳೆಲ್ಲ ಆ ಮಲಗಿದ ಕಂಪ್ಯೂಟರಿನ ಹೊಟ್ಟೆಯಲ್ಲಿ. ಮತ್ತೆ ಫೋಟೋ ತೆಗೆಯೋಣವೆಂದರೆ ಸೀರೆಗಳೆಲ್ಲ ಅವರವರ ಮನೆ ಸೇರಿವೆ.

ಗಾಂಧಿಬಜಾರಿನ ಹೂವಿನ ಸಂದಣಿಯಲ್ಲಿ ಸಿಕ್ಕಿಬಿದ್ದು ನಿಂತಾಗ ಹೊಳೆಯಿತು. ಹೊಸ ಬ್ರೌಸರುಗಳ ಕಡತವನ್ನು ಯಜಮಾನರು ಮುಟ್ಟಿಲ್ಲ, ಅದರಲ್ಲಿ ಕಾಮೆಂಟೇ ಇಲ್ಲ. ಅದರಲ್ಲೂ ಚಿತ್ರಗಳು ಅಕ್ಷರಗಳಾಗಿಯೇ ಇವೆ. ಅದೇ ಅಕ್ಷರಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬೇರೆಯಾಗಿರುವುದು ಮೇಲಿನ ಹೊದಿಕೆ ಮಾತ್ರ. ಅಲ್ಲಿಂದ ಕತ್ತರಿಸಿ ತಾತನ ಹೊದಿಕೆಗೆ ತುಂಬಿದರೆ ಆಯಿತು. ಹೂವಿನವಳೊಬ್ಬಳು ನನ್ನ ಮುಖ ನೋಡಿ, "ಯಾಕಕ್ಕ ನಗ್ತೀಯ, ಮಾರು ಸೇವಂತಿಗೆ ತಗೋ," ಅಂದಳು. ತೆಗೆದುಕೊಂಡೆ.

ಆಂಟಿಯ ಮನೆಯಲ್ಲಿ ಹೆಂಗಸರೆಲ್ಲ ಹಬ್ಬದ ಸೀರೆಯಲ್ಲಿ ಕೂತಿದ್ದರು. ಸೂಜಿ, ಕತ್ತರಿ, ದಾರದ ಉಂಡೆ ಎಲ್ಲ ತಟ್ಟೆಯಲ್ಲಿ, ಅರಿಶಿನ ಕುಂಕುಮದ ಕೆಳಗೆ. ಕೆಲಸ ಮಾಡಲಾರದ ಅಷ್ಟು ಕೈಗಳು. ಬೆಳಗಿನ ಗಡಿಬಿಡಿಯನ್ನು ಆಂಟಿ ಎಲ್ಲರಿಗೂ ಹೇಳಿಯಾಗಿತ್ತು. ನಾನು ಹೊಸ ಬ್ರೌಸರುಗಳ ಕಡತವನ್ನು ಇಳಿಸಿ ನೋಟ್‌ಪ್ಯಾಡಿನಲ್ಲಿ ತೆರೆದೆ. ಆ ಹಳೆಯ ಯಂತ್ರ ಉದ್ದ ಸಾಲು ಕಂಡರೆ ಉಸಿರು ಕಟ್ಟಿಕೊಂಡು ನಿಲ್ಲುತ್ತಿತ್ತು. ಒಂದು ಚಿತ್ರದ ಅಕ್ಷರ ಕತ್ತರಿಸು, ಹೊಸ ಕಡತದಲ್ಲಿ ಗಡಿಗೆರೆ ಹಾಕು, ಹೆಸರು ಬರೆ, ಖಾಲಿ ಸಾಲು ಬಿಡು, ಅಂಟಿಸು. ಒಬ್ಬರು ಪಕ್ಕದಲ್ಲಿ ಕೂತು ಯಾವ ನಂಬರಿನವರೆಗೆ ಬಂದೆವು ಎಂದು ಬೆರಳು ಮಡಚಿ ಹೇಳುತ್ತಿದ್ದರು, ಇನ್ನೊಬ್ಬರು ನನ್ನ ಬಾಯಿಗೆ ಹೋಳಿಗೆ ಇಡುತ್ತಿದ್ದರು.

"ಖಾಲಿ ಸಾಲು ಬಿಟ್ರಾ?" ಅಂತ ಗಂಟಿನಕ್ಕ ಮಧ್ಯೆ ಮಧ್ಯೆ ಕೇಳುತ್ತಿದ್ದರು. ನಾನು ಆ ಮಾತನ್ನು ಅಷ್ಟು ಸಲ ಗೊಣಗಿಕೊಂಡಿದ್ದೆ ಎಂದು ಕಾಣುತ್ತದೆ. "ಬಿಟ್ಟೆ ಅಕ್ಕ, ಬಿಟ್ಟೆ," ಎಂದು ರೇಗುತ್ತಿದ್ದೆ.

ಸರ್ವರಿನ ಪಾಸ್‌ವರ್ಡನ್ನು ಯಜಮಾನರು ಫೋನಿನಲ್ಲಿ ಪಿಸುದನಿಯಲ್ಲಿ ಹೇಳಿದರು, ಹತ್ತಿರದಲ್ಲಿ ಅಮ್ಮ ಇದ್ದರೇನೋ. ಪರದೆಯ ಮೇಲೆ ತೆರೆದ ಕಪ್ಪು ಕಿಟಕಿಯಲ್ಲಿ ಒಂದೊಂದೇ ಆಜ್ಞೆ ಹೊಡೆದು ಕಡತ ಏರಿಸಿದೆ. ಅದು ಏರಿ ಮುಗಿಯುವುದಕ್ಕೂ ಗಡಿಯಾರ ಮೂರು ಹೊಡೆಯುವುದಕ್ಕೂ ಸರಿಹೋಯಿತು. ನಾನು ನಮ್ಮ ಪುಟವನ್ನು ತೆರೆಯುವ ಮೊದಲೇ ಆಂಟಿಯ ಫೋನು ರಿಂಗಾಯಿತು. ಸೇಠರು.

ಆಂಟಿ ಸ್ಪೀಕರ್ ಹಾಕಿದರು. ಚಿತ್ರಗಳು ಬಂದಿವೆ, ಎಲ್ಲ ಒಟ್ಟಿಗೆ ಬಂದವು, ಪಾಲುದಾರರು ನೋಡುತ್ತಿದ್ದಾರೆ ಎಂದರು ಸೇಠರು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಆಮೇಲೆ ಅವರು, ನಡುವೆ ಒಂದು ಚೌಕ ಖಾಲಿ ಇದೆಯಲ್ಲ, ಅದೇನು ಎಂದು ಕೇಳಿದರು.

ನಾನು ಪುಟ ತೆರೆದು ನೋಡಿದೆ. ನಿಜ. ಒಂದೇ ಒಂದು ಕುಚ್ಚು ಇರಲಿಲ್ಲ, ಯಾವ ಮನೆಯಲ್ಲಾದರೂ ಕಟ್ಟುವ ಸಾದಾ ಗೊಂಡೆ. ಅಲ್ಲಿ ಖಾಲಿ ಸಾಲು ಬಿಟ್ಟಿರಲಿಲ್ಲ. ಬಹುಶಃ ಹೋಳಿಗೆ ಬಾಯಲ್ಲಿದ್ದಾಗ. ಗಂಟಿನಕ್ಕ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಆಂಟಿ ಗಂಟಲು ಸರಿಮಾಡಿಕೊಂಡು ತಮ್ಮ ಗಾಂಧಿಬಜಾರ್ ಹಿಂದಿಯಲ್ಲಿ ಹೇಳಿದರು, "ವೋ ಸ್ಪೆಷಲ್ ಹೈ ಜೀ. ಸಿರ್ಫ್ ಆಪ್ ಕೇ ಲಿಯೇ. ಆರ್ಡರ್ ಕೇ ಬಾದ್ ದಿಖಾಯೇಂಗೇ."

ಅದು ಸೇಠರಿಗೆಂದೇ ಇಟ್ಟ ವಿಶೇಷ ನಮೂನೆಯಂತೆ, ಆರ್ಡರ್ ಕೊಟ್ಟ ಮೇಲೆ ತೋರಿಸುತ್ತಾರಂತೆ! ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಆ ಕಡೆ ಸ್ವಲ್ಪ ಹೊತ್ತು ಗುಜುಗುಜು. ಮತ್ತೆ ಮಾತಾಡುತ್ತೇವೆ ಎಂದು ಸೇಠರು ಫೋನಿಟ್ಟರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರೇ ಮಾಡಿದರು. ಪಾಲುದಾರರು ಒಪ್ಪಿದ್ದಾರೆ, ವರ್ಷವಿಡೀ ಸೀರೆ ಕಳಿಸುತ್ತೇವೆ, ಆದರೆ ಮೊದಲು ಆ ಸ್ಪೆಷಲ್ ನಮೂನೆಯ ಚಿತ್ರ ಕಳಿಸಿ, ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ ಎಂದರು.

"ಆಯ್ತು ಜೀ, ಕಲ್," ಎಂದು ಫೋನಿಟ್ಟು ಆಂಟಿ ತಲೆಯ ಮೇಲೆ ಕೈ ಹೊತ್ತು ಕೂತರು. ಸಾದಾ ಗೊಂಡೆಯನ್ನು ಸ್ಪೆಷಲ್ ಎನ್ನಲು ಅವರಿಗೂ ಬಾಯಿಲ್ಲ. ಹೊಸದು ಬೇಕು, ನಾಳೆಯೇ ಬೇಕು, ಸೂಜಿ ಮುಟ್ಟುವಂತಿಲ್ಲ. ಹೆಂಗಸರು ಬಾಯಲ್ಲೇ ಕಟ್ಟತೊಡಗಿದರು. ಕೆಳಗೆ ಸೇವಂತಿಗೆಯ ಹಾಗೆ ಎಸಳು ಬರಲಿ ಎಂದರು ಒಬ್ಬರು, ನಾನು ತಂದಿದ್ದ ಮಾರನ್ನು ನೋಡಿಕೊಂಡು. ನಡುವೆ ಹಸಿರು ಬೇಡ, ಜರಿ ಇರಲಿ ಎಂದರು ಇನ್ನೊಬ್ಬರು. ಬರಿಗೈ ಗಾಳಿಯಲ್ಲಿ ಆಡಿಸುತ್ತಾ, ಜಗಳವಾಡುತ್ತಾ, ನಗುತ್ತಾ ಅರ್ಧ ದಾರಿ ಬಂದರು. ಎಸಳುಗಳನ್ನೆಲ್ಲ ಮೇಲೆ ಒಟ್ಟಿಗೆ ಹಿಡಿಯುವ ಗಂಟು ಯಾವುದು ಎನ್ನುವಲ್ಲಿ ಎಲ್ಲರ ಮಾತೂ ನಿಂತಿತು. ಎಲ್ಲರೂ ಗಂಟಿನಕ್ಕನ ಕಡೆ ತಿರುಗಿದರು. ಅವರು ಎದ್ದು, ಆಂಟಿಯಿಂದ ತಾಂಬೂಲ ತೆಗೆದುಕೊಂಡು ಮನೆಗೆ ಹೋದರು. ಆಂಟಿಯೂ ಇರಿ ಎನ್ನಲಿಲ್ಲ. ಕೊಟ್ಟ ಮಾತು ದೊಡ್ಡದು ಎಂದು ಅವರಿಗೂ ಗೊತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ನಾನು ಕ್ಯಾಮೆರಾ ಹಿಡಿದು ಬಂದಾಗ ಮರುಪೂಜೆ ಮುಗಿದಿತ್ತು. ಚಾಪೆ ಹಾಸಿತ್ತು, ಸೂಜಿಗಳ ತಟ್ಟೆ ನಡುವೆ ಇತ್ತು. ಯಾರೂ ಕೈ ಹಾಕಿರಲಿಲ್ಲ. ಮೈಸೂರು ರಸ್ತೆಯ ಹೊಲಿಗೆ ಘಟಕದಲ್ಲಿ ಅಷ್ಟು ಹೊತ್ತಿಗೆ ತೆಂಗಿನಕಾಯಿ ಒಡೆದಿರಬೇಕು. ಆಂಟಿ ಒಂದು ಸಲ ಗಡಿಯಾರ, ಒಂದು ಸಲ ಬಾಗಿಲು ನೋಡುತ್ತಿದ್ದರು. ಬೇರೆ ಗಂಟು ಹಾಕೋಣ ಬಿಡಿ ಎಂದು ಹೇಳಬೇಕೆಂದಿದ್ದ ನಾನು ಕ್ಯಾಮೆರಾ ಒರೆಸುತ್ತಾ ಕೂತೆ.

ಗೇಟು ಕಿರ್ ಅಂತು. ಗಂಟಿನಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದರು, ತಲೆಯಲ್ಲಿ ಹೊಸ ಹೂವು. "ಅಲ್ಲಿಗೆ ಹೋಗಿ, ನಾನು ಕೆಲಸಕ್ಕೆ ಬರಲ್ಲ ಅಂತ ಹೇಳಿ ಬಂದೆ, ಅದಕ್ಕೆ ತಡ ಆಯ್ತು," ಎನ್ನುತ್ತಾ ತಮ್ಮ ಜಾಗದಲ್ಲಿ ಕೂತು, ತಟ್ಟೆಯಿಂದ ಮೊದಲ ಸೂಜಿ ಎತ್ತಿಕೊಂಡರು.

"ಆ ಗಂಟನ್ನ ಬಾಯಲ್ಲಿ ಹೇಳೋಕಾಗಲ್ಲ ಕಣ್ರೇ. ಹತ್ರ ಬನ್ನಿ, ಹಾಕಿ ತೋರಿಸ್ತೀನಿ."